ತೊಂದರೆ ಕೊಡದ ರೋಗಿ

ನಮ್ಮ ಅತ್ತೆ ಆಸ್ಪತ್ರೆ ಸೇರಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: “ಎಷ್ಟು ಒಳ್ಳೆ ಪೇಷಂಟು! ಒಂಚೂರೂ ತೊಂದರೆ ಕೊಡಲ್ಲ.” ಡಾಕ್ಟರು ಅಂದರು, ಆಯಾ ಅಂದಳು, ಬೆಳಗಿನ ಪಾಳಿಯ ನರ್ಸು ಅಂದಳು. ಅಂದಾಗಲೆಲ್ಲ ನನ್ನನ್ನೇ ಹೊಗಳಿದಷ್ಟು ಹಿಗ್ಗು ನನಗೆ. ಯಾಕೆಂದರೆ ನಾನಿರುವುದು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ. ಬೆಳಗ್ಗೆ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂತರೆ ಸಂಜೆಯ ತನಕ ಊರವರ ಬೈಗುಳ ಕೇಳುವುದೇ ನನ್ನ ಉದ್ಯೋಗ. ಕರೆಂಟು ಹೋದರೆ ನಾನೇ ಕಾರಣ, ಬಂದರೆ “ಇಷ್ಟು ಹೊತ್ತು ಏನ್ ಮಾಡ್ತಿದ್ರಿ?” ಅಂತ ಮತ್ತೆ ನನಗೇ ಮಂಗಳಾರತಿ. ಅಂಥ ಕೆಲಸ ಮುಗಿಸಿ ಬಂದವಳಿಗೆ ತುಟಿ ಪಿಟಕ್ಕೆನ್ನದೆ ಮಲಗಿದ ಅತ್ತೆಯನ್ನು ಕಂಡರೆ ಕಾಲು ಹಿಡಿಯಬೇಕು ಅನ್ನಿಸುತ್ತಿತ್ತು. ದೂರಿಲ್ಲ ಎಂದರೆ ತೊಂದರೆ ಇಲ್ಲ. ಇದು ನಮ್ಮ ಇಲಾಖೆಯ ಲೆಕ್ಕಾಚಾರ.

ಅತ್ತೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು. ಹುಡುಗಿಯರು ಇಟ್ಟ ಹೆಸರು ‘ಸೈಲೆನ್ಸಮ್ಮ’. ಅವರು ವರಾಂಡಕ್ಕೆ ಕಾಲಿಟ್ಟರೆ ಸೊಳ್ಳೆ ಕೂಡ ಗುಂಯ್‌ಗುಡುವುದನ್ನು ನಿಲ್ಲಿಸುತ್ತಿತ್ತಂತೆ. ಹಾಗಂತ ಅವರ ಹಳೆಯ ಹುಡುಗಿಯೊಬ್ಬಳು ನನ್ನ ಮದುವೆಯ ದಿನವೇ ನನ್ನ ಕಿವಿಯಲ್ಲಿ ಉಸುರಿ ಹೆದರಿಸಿದ್ದಳು. ಮನೆಗೆ ಬಂದು ನೋಡಿದರೆ ಅವರ ಶಿಸ್ತೆಲ್ಲ ಅವರ ಮೇಲೆಯೇ. ತಮ್ಮ ತಟ್ಟೆ ತಾವೇ ತೊಳೆಯಬೇಕು, ತಮ್ಮ ಬಟ್ಟೆ ತಾವೇ ಒಗೆಯಬೇಕು, ಜ್ವರ ಬಂದರೆ ಬಾಗಿಲು ಮುಚ್ಚಿಕೊಂಡು ಯಾರಿಗೂ ಹೇಳದೆ ಮಲಗಬೇಕು. ಬಿದ್ದದ್ದೂ ಹೀಗೆಯೇ. ಅಟ್ಟದ ಮೇಲಿನ ಪಾತ್ರೆಯೊಂದು ಬೇಕಿತ್ತು. ಆಳೆತ್ತರದ ಮಗ, ಅಂದರೆ ನನ್ನ ಗಂಡ, ಅದೇ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದ. ಒಂದು ಮಾತು ಹೇಳಿದ್ದರೆ ಎದ್ದು ಕೈ ಚಾಚಿ ಇಳಿಸಿಕೊಡುತ್ತಿದ್ದ. ಅತ್ತೆ ಸದ್ದಿಲ್ಲದೆ ಸ್ಟೂಲು ತಂದು ತಾವೇ ಹತ್ತಿದರು.

ಸೊಂಟಕ್ಕೆ ಸೇರುವ ಕಡೆ ತೊಡೆಯ ಮೂಳೆ ಮುರಿದಿತ್ತು. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರಿಂದ ಕೂಡಲೇ ಆಪರೇಷನ್ ಮಾಡುವಂತಿರಲಿಲ್ಲ. “ಮಾತ್ರೆ ಪ್ರಭಾವ ಇಳೀಲಿ, ಆಮೇಲೆ ರಾಡ್ ಹಾಕ್ತೀವಿ. ಆದ್ರೆ ತುಂಬ ದಿನ ಮಲಗಿಸಿ ಇಡೋಕಾಗಲ್ಲ. ಈ ವಯಸ್ಸಲ್ಲಿ ಮಲಗಿದೋರು ಮಲಗೇಬಿಡ್ತಾರೆ,” ಎಂದು ಮೂಳೆ ಡಾಕ್ಟರು ಹೇಳಿದರು. ಬೇರೆಯವರ ಕೈಯಿಂದ ಒಂದು ಲೋಟ ಕಾಫಿ ತೆಗೆದುಕೊಳ್ಳಲು ಹಿಂಜರಿಯುವ ಹೆಂಗಸು ಜೀವಮಾನವಿಡೀ ಹಾಸಿಗೆಯಲ್ಲಿ ಇನ್ನೊಬ್ಬರ ದಾರಿ ಕಾಯುವುದೆಂದರೆ ಅವರಿಗೆ ಅದಕ್ಕಿಂತ ಸಾವೇ ಮೇಲು ಅನ್ನಿಸಬಹುದು ಎಂದು ನನಗೆ ಗೊತ್ತಿತ್ತು.

ಉದ್ದನೆಯ ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಅವರದು. ಅದರ ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡ ಸೊಪ್ಪು ಮಾರುವ ಹೆಂಗಸೊಬ್ಬಳಿದ್ದಳು. ಬೀದಿಯಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ದಿಂಬು ಸರಿಯಿಲ್ಲ ಎಂದು ಕೂಗುವಳು, ಫ್ಯಾನು ಜಾಸ್ತಿಯಾಯಿತು ಎಂದು ಕೂಗುವಳು, ಕೂಗಿ ಬಾಯಾರಿತು ಎಂದು ಮತ್ತೆ ಕೂಗುವಳು. ನಾನು ಅವಳ ಕಡೆ ನೋಡಿ ಹುಬ್ಬು ಗಂಟಿಕ್ಕಿ, ನಮ್ಮ ಅತ್ತೆಯ ಕಡೆ ನೋಡಿ ಹೆಮ್ಮೆ ಪಡುತ್ತಿದ್ದೆ. ದಿನಾ ಬೆಳಗ್ಗೆ ಫ್ಲಾಸ್ಕಿನಲ್ಲಿ ಕಿತ್ತಳೆ ರಸ ತಂದಿಡುವೆ, ನೀರಿನ ಜಗ್ಗು ತುಂಬಿಸುವೆ. ಸಂಜೆ ಬಂದರೆ ಎರಡೂ ಖಾಲಿ. ಸೊಸೆ ಕೈಯ ರಸ ಸೇರಿತಲ್ಲ ಅಂತ ನನಗೆ ಸಂತೋಷ.

ಆಮೇಲೆ ರಜೆ ಮುಗಿಸಿ ಒಬ್ಬ ನರ್ಸು ಬಂದಳು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ನಿಧಾನದ ಮಾತು. ಬಂದವಳೇ ಅತ್ತೆಯ ಮುಂಗೈ ಚರ್ಮ ಚಿವುಟಿ ಬಿಟ್ಟು ನೋಡಿದಳು. ನಾಲಿಗೆ ಚಾಚಿಸಿ ನೋಡಿದಳು.

“ನೀರು ಕುಡೀತಿದ್ದೀರಾ ಅಮ್ಮ?”

“ಕುಡೀತಿದ್ದೀನಿ,” ಎಂದರು ಅತ್ತೆ.

ನಾನು ಸಾಕ್ಷಿ ಹಾಜರುಪಡಿಸುವ ವಕೀಲರ ಹಾಗೆ ಖಾಲಿ ಫ್ಲಾಸ್ಕನ್ನು ಎತ್ತಿ ತೋರಿಸಿದೆ.

“ಒಂದಕ್ಕೆ ಸರಿಯಾಗಿ ಆಗ್ತಿದೆಯಾ?”

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. “ಎಲ್ಲ ಆಗ್ತಿದೆ ಸಿಸ್ಟರ್,” ಎಂದು ನಾನೇ ಉತ್ತರ ಕೊಟ್ಟೆ. ನನಗೇನು ಗೊತ್ತು? ಆಯಾ ನೋಡಿಕೊಳ್ಳುತ್ತಾಳೆ ಎಂದು ನಾನು, ಸೊಸೆ ನೋಡಿಕೊಳ್ಳುತ್ತಾಳೆ ಎಂದು ಆಯಾ, ಇಬ್ಬರೂ ಇದ್ದಾರಲ್ಲ ಎಂದು ಉಳಿದವರು.

“ಇಷ್ಟು ಸುಮ್ಮನಿರೋರನ್ನ ಕಂಡ್ರೆ ನಂಗೆ ಭಯ ಆಗುತ್ತೆ,” ಎಂದಳು ಆ ನರ್ಸು, ನನಗೆ ಮಾತ್ರ ಕೇಳುವಂತೆ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. “ಕೂಗಿದ್ರೆ ಕೂಗ್ತಾರೆ ಅಂತೀರಿ, ಸುಮ್ಮನಿದ್ರೆ ಯಾಕೆ ಸುಮ್ಮನಿದ್ದಾರೆ ಅಂತೀರಿ. ಹೇಗಿರಬೇಕು ಅಂತ ನೀವೇ ಹೇಳಿಬಿಡಿ!” ಎಂದೆ. ಅವಳು ನಕ್ಕು ಮುಂದಿನ ಹಾಸಿಗೆಗೆ ಹೋದಳು. ಅವತ್ತು ಮನೆಗೆ ಹೋಗಿ ಗಂಡನ ಮುಂದೆ ಅವಳಿಗೆ ‘ತನಿಖೆ ಸಿಸ್ಟರ್’ ಎಂದು ಹೆಸರಿಟ್ಟೆ.

ಮಾರನೆಯ ದಿನವೇ ಜ್ವರ ಬಂತು. ನಾನು ಹಣೆ ಮುಟ್ಟಿದರೆ ಅತ್ತೆ ಕಣ್ಣು ತೆರೆದು, “ನಿನ್ನ ರೂಮಿಗೆ ಹೋಗು. ಇಷ್ಟೊತ್ತಲ್ಲಿ ಇಲ್ಲೇನು ಕೆಲಸ?” ಎಂದರು. ಮೊದಲು ನಗು ಬಂತು. ಪಕ್ಕದಲ್ಲಿ ನಿಂತಿದ್ದ ಮಗನನ್ನು ನೋಡಿ, “ಹೆಣ್ಣುಮಕ್ಕಳ ಹಾಸ್ಟೆಲಿಗೆ ಇವನನ್ನ ಯಾರು ಬಿಟ್ಟಿದ್ದು?” ಎಂದಾಗ ನಗು ಉಡುಗಿತು. ರಕ್ತಪರೀಕ್ಷೆಯಾಯಿತು. ಮೈಯಲ್ಲಿ ನೀರಿಲ್ಲ, ಉಪ್ಪಿನಂಶ ಏರುಪೇರಾಗಿದೆ, ಮೂತ್ರದಲ್ಲಿ ಸೋಂಕಿದೆ, ಕಿಡ್ನಿ ಸೋಲುತ್ತಿದೆ ಎಂದರು. ಗೊತ್ತುಮಾಡಿದ್ದ ಆಪರೇಷನ್ ರದ್ದಾಯಿತು. ಕೈಗೆ ಡ್ರಿಪ್ ಚುಚ್ಚಿದರು. ನಾನು ಕಚೇರಿಗೆ ರಜೆ ಹಾಕಿದೆ. ಇನ್ನೆಷ್ಟು ದಿನ ಎಂದರೆ ಮೂಳೆ ಡಾಕ್ಟರು, “ಮೊದಲು ಕಿಡ್ನಿ ಉಳೀಲಿ, ಆಮೇಲೆ ಕಾಲಿನ ಮಾತು,” ಎಂದರು.

ನಾನು ನೇರ ತನಿಖೆ ಸಿಸ್ಟರ್ ಹತ್ತಿರ ಹೋಗಿ ಬಾಯಿಗೆ ಬಂದಂತೆ ಅಂದೆ. ಇಷ್ಟು ಜನ ಬಿಳಿ ಬಟ್ಟೆ ಹಾಕಿಕೊಂಡು ಓಡಾಡುತ್ತೀರಿ, ಒಂದು ಮುದುಕಿಗೆ ಎರಡು ಲೋಟ ನೀರು ಕುಡಿಸೋಕೆ ಆಗಲಿಲ್ಲವೇ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕುರ್ಚಿ ಎಳೆದು ಕೊಟ್ಟು, “ನಿಮಗೆ ಕೋಪ ಬಂದಿರೋದು ಸರಿಯಾಗಿದೆ. ನಾವೂ ನೋಡ್ಬೇಕಿತ್ತು,” ಎಂದಳು. ಬೈಯುವವರಿಗೆ ಹೌದೆಂದು ತಣ್ಣಗಾಗಿಸುವ ಈ ಉಪಾಯ ನಾನು ದಿನಾ ಮಾಡುವಂಥದ್ದೇ. ಆದರೆ ನಾನು ಹಾಗೆ ಹೇಳುವಾಗ ಉಗುರು ನೋಡಿಕೊಳ್ಳುತ್ತಿರುತ್ತೇನೆ. ಅವಳು ನನ್ನ ಮುಖ ನೋಡುತ್ತಿದ್ದಳು.

“ಫ್ಲಾಸ್ಕ್ ಖಾಲಿ ಆಗ್ತಿತ್ತಲ್ಲ ಸಿಸ್ಟರ್? ನಾನೇ ತೊಳೀತಿದ್ದೆ. ಹಾಗಾದ್ರೆ ಆ ರಸ ಎಲ್ಲಿ ಹೋಯ್ತು?”

“ಅದೇ ನಂಗೂ ಗೊತ್ತಾಗ್ತಿಲ್ಲ,” ಎಂದಳು.

ಉತ್ತರ ತಾನಾಗಿಯೇ ಕುಂಟುತ್ತ ಬಂತು. ಎರಡು ದಿನ ಡ್ರಿಪ್ ಇಳಿದು ಅತ್ತೆಯ ಬುದ್ಧಿ ತಿಳಿಯಾಗಿದ್ದ ಬೆಳಗ್ಗೆ, ಸೊಪ್ಪಿನವಳನ್ನು ಮನೆಗೆ ಕಳಿಸುತ್ತಿದ್ದರು. ಊರುಗೋಲು ಊರಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. “ನಿನ್ನ ಕೈ ತಣ್ಣಗಿರಲಿ ಕಣವ್ವ! ಆ ಕಿತ್ತಳೆ ರಸ ಕುಡ್ದು ಕುಡ್ದು ನಾನು ಹಿಂಗೆ ಗುಂಡುಗುಂಡಾಗಿಬಿಟ್ಟೆ. ನಿಮ್ಮತ್ತೆ ದೊಡ್ಡ ಮನಸ್ಸಿನೋರು. ನೀರಿನ ಜಗ್ಗನ್ನೂ ನನ್ ಕಡೇಗೇ ತಳ್ಳೋರು. ‘ನಂಗೆ ಸಾಕಾಗಿದೆ, ನೀನು ಕುಡಿ’ ಅನ್ನೋರು,” ಎಂದಳು.

ಅವಳು ಹೋದಳು. ನಾನು ಅತ್ತೆಯ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿದ್ದರು. ನಿದ್ದೆಯಲ್ಲ, ನಾಟಕ.

“ಅತ್ತೆ! ದಾನಶೂರ ಕರ್ಣನ ವಂಶವಾ ನಿಮ್ದು? ಆಫೀಸಿಗೆ ಹೋಗೋ ಮುಂಚೆ ನಿಂತ್ಕೊಂಡು ಹಣ್ಣು ಹಿಂಡಿದ್ದು ಇದಕ್ಕಾ? ಆಪರೇಷನ್ ನಿಂತೋಯ್ತು, ಕಾಲು ಹೋಗ್ತಿದೆ, ನಿಮಗೆ...”

ಇನ್ನೂ ಏನೇನು ಹೇಳುತ್ತಿದ್ದೆನೋ. ನನ್ನ ಭುಜದ ಮೇಲೊಂದು ಕೈ ಬಿತ್ತು. “ನೀವು ಸ್ವಲ್ಪ ಹೊರಗಿರಿ,” ಎಂದು ತನಿಖೆ ಸಿಸ್ಟರ್ ಹಾಸಿಗೆಯ ಸುತ್ತ ಪರದೆ ಎಳೆದಳು. ನಾನು ಬಹಳ ದೂರವೇನೂ ಹೋಗಲಿಲ್ಲ. ಸೊಪ್ಪಿನವಳು ಬಿಟ್ಟುಹೋದ ಹಾಸಿಗೆಯ ಅಂಚಿನಲ್ಲಿ, ಪರದೆಯ ಈಚೆ ಬದಿಗೆ, ಕಿವಿ ನಿಮಿರಿಸಿ ಕೂತೆ.

ಅವಳು ಏನೂ ಕೇಳಲಿಲ್ಲ. ಬಾಚಣಿಗೆಯ ಸದ್ದು ಬಂತು. ಬಿದ್ದ ದಿನದಿಂದ ಅತ್ತೆಯ ಜಡೆ ಗಂಟುಗಟ್ಟಿ ಹೋಗಿತ್ತು. ನನಗೆ ಅದು ಕಂಡೇ ಇರಲಿಲ್ಲ. ಅವಳು ಗಂಟು ಬಿಡಿಸುತ್ತ, “ಅಜ್ಜಿ ಅಂತ ಕರೆದಾಗೆಲ್ಲ ನಿಮ್ಮ ಹುಬ್ಬು ಮೇಲೆ ಹೋಗುತ್ತೆ. ಏನಂತ ಕರೀಲಿ?” ಎಂದಳು.

ಇನ್ನೆರಡು ಗಂಟು ಬಿಚ್ಚಿದ ಮೇಲೆ, “ಹುಡುಗೀರು ಮೇಡಂ ಅಂತಿದ್ರು,” ಎಂದರು ಅತ್ತೆ.

“ನೋವಾಗ್ತಿದೆಯಾ ಮೇಡಂ? ಈ ಗಂಟು ಸ್ವಲ್ಪ ಹಟಮಾರಿ.”

“ಇರಲಿ.”

ಮತ್ತೆ ಬಾಚಣಿಗೆ. ಅಷ್ಟರಲ್ಲಿ ಅತ್ತೆ ಮಾತಾಡತೊಡಗಿದರು. ನಾನು ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ.

“ಬಂದ ದಿನ ಒಂದಕ್ಕೆ ಅಂತ ಬೆಡ್‌ಪ್ಯಾನ್ ಕೇಳ್ದೆ. ನೋಡೋಕೆ ಬಂದೋರೆಲ್ಲ ತುಂಬಿದ್ರು. ಆಯಾ ಆ ತುದಿಯಿಂದ ಕೂಗಿದ್ಲು, ‘ಕಿಟಕಿ ಬೆಡ್ ಅಜ್ಜಿಗೆ ಪ್ಯಾನ್ ತಗೊಂಬಾರೇ’ ಅಂತ. ಎಲ್ಲ ತಿರುಗಿ ನೋಡಿದ್ರು. ಪರದೆ ಪೂರ್ತಿ ಮುಚ್ಲಿಲ್ಲ. ಸ್ಟೀಲಿಂದು, ಐಸ್ ಥರ ಇತ್ತು. ಆಮೇಲೆ ಆ ಸದ್ದು ಇದೆಯಲ್ಲ, ಇಡೀ ವಾರ್ಡಿಗೆ ಕೇಳ್ತು. ಯಾರೋ ನಕ್ಕರು. ನನ್ನ ಮಗ ಇಲ್ಲೇ ನಿಂತಿದ್ದ. ಕಿವಿ ಕೆಂಪಾಗಿ ಹೊರಗೆ ಹೋಗ್ಬಿಟ್ಟ.”

ಹಾಸ್ಟೆಲಿನ ನಿಯಮ ಓದಿ ಹೇಳುವ ದನಿಯಲ್ಲಿ ಮುಗಿಸಿದರು: “ಅವತ್ತೇ ತೀರ್ಮಾನ ಮಾಡ್ದೆ. ಒಳಗೆ ಹೋದ್ರೆ ತಾನೇ ಹೊರಗೆ ಬರೋದು?”

ಬಾಯಾರಿ, ನಾಲಿಗೆ ಒಣಗಿ, ಪಕ್ಕದಲ್ಲೇ ಜಗ್ಗು ಇಟ್ಟುಕೊಂಡು ಈ ಹೆಂಗಸು ಎಷ್ಟು ಗಂಟೆ ಚಾವಣಿ ನೋಡಿರಬೇಕು! ನಾವೆಲ್ಲ ಅದಕ್ಕೆ ‘ಒಳ್ಳೆ ಪೇಷಂಟು’ ಎಂದು ಪಟ್ಟ ಕಟ್ಟಿದ್ದೆವು. ನನ್ನ ಕಚೇರಿಯ ಹಳಬರು ಹೇಳುವುದುಂಟು, ಗಾಳಿಮಳೆಯ ದಿನ ಯಾವ ಬಡಾವಣೆಯಿಂದ ಒಂದೂ ಫೋನು ಬರುವುದಿಲ್ಲವೋ ಅಲ್ಲಿಗೆ ಮೊದಲು ಲೈನ್‌ಮನ್ನನ್ನು ಕಳಿಸಿ, ಅಲ್ಲಿ ಫೋನಿನ ತಂತಿಯೂ ಹರಿದಿರುತ್ತದೆ ಎಂದು. ಕಚೇರಿಯಲ್ಲಿ ಕಲಿತದ್ದು ಆಸ್ಪತ್ರೆಯಲ್ಲಿ ನೆನಪಿಗೆ ಬರಲಿಲ್ಲ.

‘ಇದರಲ್ಲಿ ನಾಚಿಕೆ ಏನು ಬಂತು’ ಎಂದು ಸಿಸ್ಟರ್ ಹೇಳುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಅವಳು ಹೇಳಿದ್ದು ಬೇರೆ: “ನಾಚಿಕೆ ಆಗದೆ ಇರುತ್ತಾ ಮೇಡಂ? ನಿಮ್ಮ ಜಾಗದಲ್ಲಿ ನಾನಿದ್ರೆ ನಂಗೂ ಆಗ್ತಿತ್ತು. ನಾಚಿಕೆ ಬಿಡಿ ಅಂತ ನಾನು ಹೇಳಲ್ಲ. ನೀವು ನೀರು ಕುಡೀರಿ. ಯಾರಿಗೂ ಕಾಣದ ಹಾಗೆ, ಕೇಳದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ.”

ಹೇಳಿದಂತೆ ಮಾಡಿದಳು. ಪರದೆಯ ಸಂದಿಗೆ ಇನ್ನೊಂದು ಹೊದಿಕೆ ತಂದು ಪಿನ್ನು ಹಾಕಿದಳು. ಪ್ಯಾನಿಗೆ ಬಿಸಿನೀರು ಹುಯ್ದು, ಒರೆಸಿ, ಬೆಚ್ಚಗಿದೆಯೇ ಎಂದು ತನ್ನ ಮುಂಗೈಗೆ ತಾಗಿಸಿ ನೋಡಿ, ಟವೆಲಿನಲ್ಲಿ ಸುತ್ತಿ ತರುತ್ತಿದ್ದಳು. ನೋಡಿದವರು ಸ್ನಾನದ ಸಾಮಾನು ಅಂದುಕೊಳ್ಳಬೇಕು. ತಳದಲ್ಲಿ ಹತ್ತಿ ಹಾಸಿರುತ್ತಿತ್ತು, ಸದ್ದಾಗದಿರಲಿ ಎಂದು. ಅದೂ ಸಾಲದೆ ಪಕ್ಕದ ಕೈತೊಳೆಯುವ ನಲ್ಲಿಯನ್ನು ಜೋರಾಗಿ ತಿರುಗಿಸಿ, ಅದರ ಮುಂದೆ ನಿಂತು ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುವಳು. ಆಯಾಗೆ ಅವಳು ಎಲ್ಲರೆದುರು ಬೈಯಲೂ ಇಲ್ಲ. ಏನು ಹೇಳಿದಳೋ, ಆಯಾ ಆಮೇಲೆ ವಾರ್ಡಿನಲ್ಲಿ ಕೂಗುವುದು ಬಿಟ್ಟು ಹತ್ತಿರ ಬಂದು ಪಿಸುಮಾತಲ್ಲಿ ಕೇಳತೊಡಗಿದಳು. ಅವಳ ಪಿಸುಮಾತೂ ಅರ್ಧ ವಾರ್ಡಿಗೆ ಕೇಳುತ್ತಿತ್ತು, ಆ ಮಾತು ಬೇರೆ.

ಅತ್ತೆ ಮೊದಲು ಎರಡು ಗುಟುಕು ಕುಡಿದರು. ಆಮೇಲೆ ಅರ್ಧ ಲೋಟ. ಅವತ್ತು ಮಧ್ಯಾಹ್ನ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತ ಮಲಗಿದ್ದನ್ನು ಕಂಡಾಗ ನನಗೆ ಹೊಳೆಯಿತು: ಆಸ್ಪತ್ರೆಗೆ ಬಂದಾಗಿನಿಂದ ಅವರು ನಿದ್ದೆಯನ್ನೇ ಮಾಡಿರಲಿಲ್ಲ, ತಡೆದುಕೊಂಡು ಮಲಗಿದ್ದರು ಅಷ್ಟೆ. ಡ್ರಿಪ್ಪಿಗೂ ಇಂಜೆಕ್ಷನ್ನಿಗೂ ನಾನು ಋಣಿ. ಅವಿಲ್ಲದಿದ್ದರೆ ಅತ್ತೆ ಉಳಿಯುತ್ತಿರಲಿಲ್ಲ. ಆದರೆ ಅವರ ಕೈ ತಾನಾಗಿ ಲೋಟದ ಕಡೆ ಚಾಚಿದ್ದು ಆ ಬೆಚ್ಚಗಿನ ಪ್ಯಾನಿನ ದೆಸೆಯಿಂದ. ಇದನ್ನು ಯಾವ ಡಾಕ್ಟರು ಒಪ್ಪದಿದ್ದರೂ ನಾನು ಒಪ್ಪುತ್ತೇನೆ.

ಒಪ್ಪಿ ಸುಮ್ಮನಿದ್ದರೆ ಚೆನ್ನಾಗಿತ್ತು. ನಮ್ಮದು ಸುಮ್ಮನಿರುವ ಮನೆತನವಲ್ಲ. ಸಂಜೆ ನನ್ನ ಗಂಡ ಬಂದಾಗ ತನಿಖೆ ಸಿಸ್ಟರ್ ತಾನೂ ಖುಷಿಯಲ್ಲಿದ್ದಳು. “ಇವತ್ತು ತುಂಬ ಚೆನ್ನಾಗಿ ಒಂದಕ್ಕೆ ಹೋಗಿದ್ದಾರೆ. ಹೀಗೇ ಆದ್ರೆ ಆಪರೇಷನ್ ಮಾಡಬಹುದು,” ಎಂದು ಅವನಿಗೆ ಹೇಳಿದಳು. ನನ್ನ ಗಂಡ ಡ್ರೈವಿಂಗ್ ಶಾಲೆಯ ಮಾಸ್ತರು. ಯಾರಾದರೂ ಗೇರು ಸರಿಯಾಗಿ ಹಾಕಿದರೂ ಬೀದಿಗೆಲ್ಲ ಕೇಳುವಂತೆ ಹೊಗಳಿ ಅಭ್ಯಾಸ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಬಂಧುಬಳಗದವರೆಲ್ಲ ಇರುವ ಫೋನಿನ ಗ್ರೂಪಿಗೆ ಒಂದು ಸಂದೇಶ ಹಾಕಿಯೇಬಿಟ್ಟ: “ಸಂತೋಷದ ಸುದ್ದಿ. ಅಮ್ಮ ಇಂದು ಚೆನ್ನಾಗಿ ಮೂತ್ರ ವಿಸರ್ಜನೆ ಮಾಡಿದ್ದಾರೆ.” ಕೆಳಗೆ ಕೈಮುಗಿದ ಚಿತ್ರ.

ಹೆಬ್ಬೆಟ್ಟುಗಳು ಬಂದವು, ಹೂಗುಚ್ಛಗಳು ಬಂದವು. ಯಾರೋ ಚಪ್ಪಾಳೆ ಹೊಡೆದರು. ಅಷ್ಟಕ್ಕೇ ಮುಗಿದಿದ್ದರೆ ಅತ್ತೆಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅವರ ತಮ್ಮ, ಕಿವಿ ಸ್ವಲ್ಪ ಮಂದವಾದ ನಮ್ಮ ಸೋದರಮಾವ, ಮಾರನೆಯ ಬೆಳಗ್ಗೆ ನೇರ ಅತ್ತೆಯ ಫೋನಿಗೇ ಕರೆ ಮಾಡಿದ. ನಾನು ಉಪಕಾರ ಮಾಡುವವಳಂತೆ ಸ್ಪೀಕರ್ ಒತ್ತಿ ಅವರ ಎದೆಯ ಮೇಲಿಟ್ಟೆ.

“ಅಕ್ಕಾ! ಕಂಗ್ರಾಜುಲೇಷನ್ಸ್! ನಿನ್ನೆ ಚೆನ್ನಾಗಿ ಆಯ್ತಂತೆ! ನಮ್ಮನೇಲಿ ಎಲ್ರಿಗೂ ಖುಷಿಯೋ ಖುಷಿ!”

ಇಡೀ ವಾರ್ಡು ಕೇಳಿಸಿಕೊಂಡಿತು. ಮೂಲೆಯ ಹಾಸಿಗೆಯವಳು ಹೊದಿಕೆಯೊಳಗೆ ಮುಖ ಹುದುಗಿಸಿ ಕುಲುಕಿದಳು. ಅತ್ತೆ ಫೋನನ್ನು ನಿಧಾನವಾಗಿ ತೆಗೆದು, ಮಗುಚಿ, ಪಕ್ಕಕ್ಕಿಟ್ಟರು. ನಾನು ಹಿಡಿದ ಲೋಟವನ್ನು ನೋಡಿ, “ಬೇಡ. ಸಾಕಾಗಿದೆ,” ಎಂದರು. ಮಧ್ಯಾಹ್ನವೂ ಸಾಕಾಗಿತ್ತು. ಡಾಕ್ಟರು ಬಂದು, ರಕ್ತಪರೀಕ್ಷೆ ಸುಧಾರಿಸುತ್ತಿದೆ, ನಾಳೆಗೂ ಹೀಗೇ ಇದ್ದರೆ ನಾಡಿದ್ದು ಆಪರೇಷನ್, ಬಾಯಿಂದ ಚೆನ್ನಾಗಿ ಕುಡಿಯಲಿ ಎಂದು ಹೇಳಿ ಹೋದರು. ಅತ್ತೆ ಹಲ್ಲು ಕಚ್ಚಿಕೊಂಡು ಮಲಗಿದ್ದರು.

ಗಂಡನನ್ನು ವರಾಂಡಕ್ಕೆ ಕರೆದು ಬೆವರಿಳಿಸಿದೆ. “ನಿಮ್ಮ ಬಾಯಿಗೆ ಬೀಗ ಹಾಕ್ಬೇಕು ಕಣ್ರೀ! ಊರಿಗೆಲ್ಲ ಡಂಗುರ ಸಾರೋ ಸುದ್ದೀನಾ ಅದು?”

“ಒಳ್ಳೇದಾಗಿದೆ ಅಂತ ತಾನೇ ಹಾಕಿದ್ದು,” ಎಂದು ಅವನು ಗೋಣು ಬಗ್ಗಿಸಿದ. ಆ ಮುಖ ನೋಡಿ ಬೈಯಲೂ ಆಗಲಿಲ್ಲ. ತಾಯಿಯ ಬಗ್ಗೆ ಅವನಿಗೂ ಭಯವಿತ್ತು. ಹತ್ತಿರ ನಿಂತು ಕೈ ಹಿಡಿಯಲು ತಿಳಿಯದೆ ದೂರ ನಿಂತು ಸುದ್ದಿ ಹಂಚುತ್ತಿದ್ದ. ಅವನನ್ನು ಹಾಗೆ ಬೆಳೆಸಿದ್ದವರೂ ಅತ್ತೆಯೇ. ಅವರು ಒಂದು ದಿನವೂ ಅವನಿಂದ ಒಂದು ಲೋಟ ನೀರು ತರಿಸಿಕೊಂಡವರಲ್ಲ.

ಪಾಳಿಗೆ ಬಂದ ತನಿಖೆ ಸಿಸ್ಟರಿಗೆ ನಡೆದದ್ದನ್ನು ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ಹೋಗಿ ಅತ್ತೆಯ ಪಕ್ಕ ಸ್ಟೂಲು ಹಾಕಿ ಕೂತಳು. ಈ ಸಲ ನನ್ನನ್ನು ಹೊರಗೆ ಕಳಿಸಲಿಲ್ಲ.

“ಮೇಡಂ, ತಪ್ಪು ನಂದು.”

ಅತ್ತೆ ತಿರುಗಲಿಲ್ಲ.

“ನಿಮ್ಮ ಮಗನಿಗೆ ಹೇಳಿದ್ದು ನಾನು. ನಿಮ್ಮನ್ನ ಕೇಳದೆ ಹೇಳ್ಬಿಟ್ಟೆ. ಯಾರಿಗೂ ಕೇಳದ ಹಾಗೆ ನೋಡ್ಕೋತೀನಿ ಅಂತ ನಿಮಗೆ ಮಾತು ಕೊಟ್ಟಿದ್ದೆ. ನಲ್ಲಿ ಬಿಟ್ಟು ಸದ್ದು ಮುಚ್ಚಿದೆ, ಬಾಯಿ ಮುಚ್ಕೊಳ್ಳೋಕೆ ಮರೆತೆ. ಕ್ಷಮಿಸಿ.”

ಅಧಿಕಾರದಲ್ಲಿದ್ದವರು ಕ್ಷಮೆ ಕೇಳಿದ್ದನ್ನು ಅತ್ತೆ ತಮ್ಮ ಜೀವನದಲ್ಲಿ ಎಷ್ಟು ಸಲ ಕಂಡಿದ್ದರೋ. ನಿಧಾನವಾಗಿ ಮುಖ ಈಚೆಗೆ ತಿರುಗಿಸಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ತಡವಾಗಿ ಬಂದ ಹುಡುಗಿಯನ್ನು ಗೇಟಿನಲ್ಲಿ ನೋಡಿದ ಹಾಗೆ.

“ಇನ್ನು ಮೇಲೆ ಹೊರಗಿನವರಿಗೆ ಏನು ಹೇಳ್ಬೇಕು ಅಂತ ನೀವೇ ಹೇಳಿ. ಅಷ್ಟು ಮಾತ್ರ ಹೇಳ್ತೀನಿ,” ಎಂದಳು ಸಿಸ್ಟರ್.

“ಹುಷಾರಾಗಿದ್ದಾರೆ ಅನ್ನಿ. ಸಾಕು.”

“ಅಷ್ಟೇನಾ?”

“ಅಷ್ಟೇ.” ಅತ್ತೆ ನನ್ನ ಕಡೆ ನೋಡಿದರು. “ಅವನಿಗೂ ಹೇಳು. ಆ ಗ್ರೂಪಿಂದ ನನ್ನ ತಮ್ಮನ್ನ ತೆಗೆದುಹಾಕೋಕೆ ಆಗುತ್ತಾ ಕೇಳು.”

ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಅತ್ತೆ ನಗಲಿಲ್ಲ; ಆದರೆ ಜಗ್ಗಿನ ಕಡೆ ಕೈ ತೋರಿಸಿದರು. ಲೋಟ ತುಂಬ ನೀರು ಹಾಕಿ ಕೊಟ್ಟೆ. ತಳ ಕಾಣುವವರೆಗೆ ಕುಡಿದರು.

ಆಪರೇಷನ್ ಆಯಿತು. ಸುಸೂತ್ರವಾಗಿಯೇ ಆಯಿತು. ಮೂಳೆ ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಹೊರಬಂದು, “ನನ್ನ ಕೆಲಸ ಆಯ್ತು. ಇನ್ನು ಎದ್ದು ನಿಲ್ಲೋದು ಅವರ ಕೆಲಸ, ನಿಲ್ಲಿಸೋದು ಸಿಸ್ಟರ್ ಕೆಲಸ,” ಎಂದರು. ಮಾರನೆಯ ದಿನವೇ ನಿಲ್ಲಿಸಬೇಕಂತೆ. ಆ ಸುದ್ದಿ ಕೇಳಿ ಅತ್ತೆಯ ಮುಖ ಬಿಳಿಚಿಕೊಂಡಿತು. ನೋವಿನ ಮಾತ್ರೆ ಕೊಟ್ಟು, ಅದು ಏರುವವರೆಗೆ ಕಾದು, ತನಿಖೆ ಸಿಸ್ಟರ್ ವಾಕರ್ ತಂದು ಮುಂದೆ ನಿಲ್ಲಿಸಿದಳು.

“ಇವತ್ತು ಬೇಡ,” ಎಂದರು ಅತ್ತೆ. “ಎಲ್ಲ ಇದ್ದಾರೆ.”

ಅದು ರೋಗಿಗಳನ್ನು ನೋಡಲು ಬರುವ ಹೊತ್ತು. ನನ್ನ ಗಂಡನೂ ಬಂದು ಹಾಸಿಗೆಯ ಕಾಲ ಬಳಿ ನಿಂತಿದ್ದ, ಎಂದಿನಂತೆ ಕೈ ಎಲ್ಲಿಡಬೇಕೆಂದು ತಿಳಿಯದೆ.

“ಆಮೇಲೆ ಬೇಕಾದ್ರೂ ನಿಲ್ಲಬಹುದು,” ಎಂದಳು ಸಿಸ್ಟರ್. “ಆದ್ರೆ ಮಾತ್ರೆ ಈಗ ಕೆಲಸ ಮಾಡ್ತಿದೆ. ಆಮೇಲೆ ನೋವು ಜಾಸ್ತಿ ಇರುತ್ತೆ. ನೀವು ಹೇಗಂತೀರೋ ಹಾಗೆ.”

ಅತ್ತೆ ಹೊದಿಕೆ ತೆಗೆದರು. ಆಮೇಲೆ ಹಾಸಿಗೆಯಂಚಿಗೆ ಸರಿದರು. ಒಂದು ಬದಿಗೆ ಸಿಸ್ಟರ್, ಇನ್ನೊಂದು ಬದಿಗೆ ನಾನು. ವಾಕರಿನ ಹಿಡಿಯ ಮೇಲೆ ಅವರ ಬೆರಳುಗಳು ಬಿಳಿಯಾದವು. ಬಾಯಿಂದ ಒಂದು ಸಣ್ಣ ನರಳಿಕೆ ಬಂತು. ನಿಂತರು. ನಿಜವಾಗಿಯೂ ನಿಂತರು, ಬೆನ್ನು ಬಾಗಿ, ಕಾಲು ನಡುಗುತ್ತ. ಕೈಯೂರಿ ವಾಕರನ್ನು ಗೇಣಷ್ಟು ಮುಂದೆ ತಳ್ಳಿ ಒಂದು ಹೆಜ್ಜೆ ಇಟ್ಟರು. ವಾರ್ಡಿನ ಮಂದಿ ಮಾತು ನಿಲ್ಲಿಸಿ ನೋಡತೊಡಗಿದರು. ಇನ್ನೊಂದು ಹೆಜ್ಜೆ.

ಆಗ ನೆಲದ ಮೇಲೆ ನೀರು ಬಿತ್ತು. ಅವರ ನಿಲುವಂಗಿಯ ಕೆಳಗಿಂದ, ಕಾಲುಗುಂಟ ಇಳಿದು, ಹೊಳೆಯುವ ನೆಲದ ಮೇಲೆ ಎಲ್ಲರ ಕಣ್ಣೆದುರು ಹರಡಿತು. ಇಷ್ಟು ದಿನ ಯಾವುದಕ್ಕೆ ಹೆದರಿ ಅವರು ಬಾಯಿ ಒಣಗಿಸಿಕೊಂಡು, ಸಾವಿನ ಬಾಗಿಲ ತನಕ ಹೋಗಿ ಬಂದಿದ್ದರೋ ಅದೇ ಆಯಿತು, ತುಂಬಿದ ವಾರ್ಡಿನ ನಟ್ಟನಡುವೆ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನೋಡುತ್ತಿದ್ದವರ ಕಣ್ಣು ಕೀಳಬೇಕೆನ್ನುವಷ್ಟು ಸಿಟ್ಟು ಬಂತು. ಅತ್ತೆಯ ತೋಳು ನನ್ನ ಕೈಯಲ್ಲಿ ಕಲ್ಲಾಯಿತು.

ಸಿಸ್ಟರ್ ಗಡಿಬಿಡಿ ಮಾಡಲಿಲ್ಲ. ಪರವಾಗಿಲ್ಲ, ಪರವಾಗಿಲ್ಲ ಎಂದು ಗದ್ದಲವೆಬ್ಬಿಸಲಿಲ್ಲ. ಹಿಡಿದ ಕೈ ಬಿಡದೆ, ಮೆಲ್ಲನೆ ಕೇಳಿದಳು: “ಮೇಡಂ, ಕೂತ್ಕೋತೀರಾ? ಮುಂದೆ ಹೋಗೋಣ್ವಾ?”

ಅತ್ತೆ ನೆಲ ನೋಡಿದರು. ತಲೆಯೆತ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಡೀ ವಾರ್ಡನ್ನು ನೋಡಿದರು. ಯಾರೂ ನಗಲಿಲ್ಲ. ನನ್ನ ಗಂಡನ ಕಿವಿ ಕೆಂಪಾಗಿತ್ತು. ಅವನ ಒಂದು ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಅತ್ತೆಯ ಕಣ್ಣು ಅವನ ಮೇಲೆ ನಿಂತಿತು.

“ಎಲ್ಲಿಗೆ ಹೊರಟೆ?” ಎಂದರು. ದನಿ ಹಾಸ್ಟೆಲಿನ ಕೊನೆಯ ಕೋಣೆಗೂ ಕೇಳುವಂತಿತ್ತು. “ಬಟ್ಟೆ ತಗೊಂಬಂದು ಇದನ್ನ ಒರೆಸು. ನಾನು ಜಾರಿ ಬಿದ್ದೇನು.”

ಅವನು ಆಯಾ ನೀಡಿದ ಬಟ್ಟೆಯನ್ನು ಕಸಿದುಕೊಂಡು ಓಡಿ ಬಂದು, ಅಮ್ಮನ ಪಾದಗಳ ಬಳಿ ಮೊಣಕಾಲೂರಿ ಒರೆಸತೊಡಗಿದ. ನೆಲ ಒರೆಸಿದ, ವಾಕರಿನ ಕಾಲು ಒರೆಸಿದ, ಕೇಳದಿದ್ದರೂ ಅವರ ಒದ್ದೆ ಪಾದಗಳನ್ನೂ ಒರೆಸಿದ. ಅವನ ಬೆನ್ನು ಅಲುಗುತ್ತಿತ್ತು. ಅತ್ತೆ ಪಾದ ಹಿಂದಕ್ಕೆಳೆದುಕೊಳ್ಳಲಿಲ್ಲ.

“ಅಲ್ಲಿ, ಎಡಗಡೆ ಇನ್ನೂ ಇದೆ,” ಎಂದರು.

ಅವನು ಅಲ್ಲಿಯೂ ಒರೆಸಿದ ಮೇಲೆ, ಅತ್ತೆ ವಾಕರನ್ನು ಮುಂದಕ್ಕೆ ತಳ್ಳಿದರು.